ನಾನು ಕಟ್ಟದ ಜಾಮೀನು

ಅವನು ಜೈಲಿಗೆ ಹೋದ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಇದನ್ನು ಮೊದಲೇ ಹೇಳಿಬಿಡಬೇಕು. ಕಥೆಯೆಲ್ಲ ಹೇಳಿ, ನಾನು ಬಹಳ ಒಳ್ಳೆಯವಳು ಅಂತ ನಿಮಗೆ ಅನ್ನಿಸುವ ಹಾಗೆ ಮಾಡಿ, ಕೊನೆಗೆ ಮೆಲ್ಲಗೆ ಇದನ್ನು ತುರುಕಿದರೆ ಅದು ಮೋಸ. ಅದಕ್ಕೂ ಹಿಂದಿನ ಮೂರು ತಿಂಗಳು ನಾನು ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಅವನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ. ಉಸಿರು ಬೆಚ್ಚಗೆ ತಾಗಿದರೆ ಮತ್ತೆ ಮಲಗುವುದು. ಬಾತ್‌ರೂಮಿನಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಆದರೆ ಬಾಗಿಲು ಬಡಿಯುವುದು. ಆಫೀಸಿನ ಮೀಟಿಂಗ್ ನಡುವೆ ಅವನಿಗೆ ಮೆಸೇಜ್ ಹಾಕಿ, ಉತ್ತರ ಬರುವವರೆಗೆ ಎದುರಿನವರ ಒಂದು ಮಾತೂ ಕಿವಿಗೆ ಬೀಳದೆ ಕೂತಿರುವುದು. ಫೆಬ್ರವರಿಯ ಆ ಮಂಗಳವಾರ ರಾತ್ರಿ ಒಂಬತ್ತೂವರೆಗೆ ಕೌಂಟಿ ಜೈಲಿನಿಂದ, ಅಂದರೆ ನಮ್ಮ ಜಿಲ್ಲಾ ಜೈಲಿನಂಥದ್ದರಿಂದ, ಫೋನ್ ಬಂತು. ಮಾತಾಡಿ ಇಟ್ಟೆ. ಒಂದು ಲೋಟ ಮಜ್ಜಿಗೆ ಕುಡಿದೆ. ಮಲಗಿದವಳು ಬೆಳಗ್ಗೆ ಏಳೂಕಾಲಕ್ಕೆ ಎದ್ದೆ.

ಎದ್ದಾಗ ಮೊದಲು ಅನ್ನಿಸಿದ್ದು, ಮನೆ ಎಷ್ಟು ತಣ್ಣಗಿದೆ ಅಂತ. ನಾಚಿಕೆ ಆಮೇಲೆ ಬಂತು, ಕಾಫಿಗೆ ಹಾಲು ಕಾಯುವ ಹೊತ್ತಿಗೆ.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನಿಂದ ಮುಕ್ಕಾಲು ಗಂಟೆ ದೂರದ ಒಂದು ಊರಲ್ಲಿ. ಒಟ್ಟಿಗೆ ಬದುಕಲು ಶುರು ಮಾಡಿ ಆರು ವರ್ಷ. ಮದುವೆ ಆಗಿಲ್ಲ. ಇದಕ್ಕೆ ಕನ್ನಡದಲ್ಲಿ ಪದ ಹುಡುಕಿ ಸೋತಿದ್ದೇನೆ. ಸಂಗಾತಿ ಅಂದರೆ ವಧು-ವರರ ಜಾಹೀರಾತು ಓದಿದ ಹಾಗಾಗುತ್ತದೆ. ಪಾರ್ಟ್‌ನರ್ ಅಂದರೆ ಅಮ್ಮನಿಗೆ ಅಕ್ಕಿ ಗಿರಣಿಯ ಪಾಲುದಾರ. ಅರಸೀಕೆರೆಯಲ್ಲಿ ಕೂತು ಅಮ್ಮ ಅವನನ್ನು 'ಆ ಹುಡುಗ' ಅನ್ನುತ್ತಾಳೆ. ಹುಡುಗನಿಗೆ 41 ವರ್ಷ.

ಅವನು ಎಸಿ ರಿಪೇರಿ ಮಾಡುವವನು. ಟೆಕ್ಸಾಸ್‌ನ ಆಗಸ್ಟಿನಲ್ಲಿ ಎಸಿ ಮೆಕ್ಯಾನಿಕ್ ಅಂದರೆ ನಮ್ಮ ಕಡೆ ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರು ಎತ್ತುವವನ ಹಾಗೆ, ಅವನು ಬರುವವರೆಗೆ ಮನೆಯವರಿಗೆ ಜೀವ ಇರುವುದಿಲ್ಲ. ಒಂದು ದಿನ ಯಾರದೋ ಮನೆಯ ಅಟ್ಟದಿಂದ ಬಿದ್ದು ಭುಜ ಮುರಿದುಕೊಂಡ. ನೋವಿಗೆ ಮಾತ್ರೆ ಕೊಟ್ಟರು. ಮಾತ್ರೆ ನಿಂತಾಗ ನೋವು ನಿಂತಿರಲಿಲ್ಲ. ನೋವು ನಿಂತಾಗ ಮಾತ್ರೆ ಬಿಡಲು ಆಗಲಿಲ್ಲ. ಆಮೇಲೆ ಬೀದಿಯಲ್ಲಿ ಸಿಗುವ ನೀಲಿ ಮಾತ್ರೆ. ನೋಡಲು ಮೆಡಿಕಲ್ ಶಾಪಿನದೇ, ಒಳಗೆ ಫೆಂಟನಿಲ್, ಅಫೀಮಿನ ಜಾತಿಯದು, ಚೂರು ಹೆಚ್ಚಾದರೂ ಉಸಿರು ನಿಲ್ಲಿಸುವಂಥದ್ದು. ಇದರಲ್ಲಿ ಹೊಸದೇನೂ ಇಲ್ಲ. ಈ ದೇಶದಲ್ಲಿ ಲಕ್ಷಗಟ್ಟಲೆ ಮನೆಗಳಲ್ಲಿ ಇದೇ ಕಥೆ, ಹಾಗಾಗಿ ಬೇಗ ದಾಟಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಪೊಲೀಸರು ಅವನ ವ್ಯಾನ್ ನಿಲ್ಲಿಸಿದಾಗ ಜೇಬಿನಲ್ಲಿ ಸಿಕ್ಕಿದ್ದು ಒಂದು ಗ್ರಾಂಗಿಂತ ಕಡಿಮೆ. ಇಲ್ಲಿ ಅಷ್ಟಕ್ಕೇ ಅದು ಸ್ಟೇಟ್ ಜೈಲ್ ಫೆಲನಿ, ಅಂದರೆ ಗಂಭೀರ ಅಪರಾಧಗಳ ಸಾಲಿನದು. 180 ದಿನದಿಂದ ಎರಡು ವರ್ಷದವರೆಗೆ ಶಿಕ್ಷೆ ಆಗಬಹುದು. ಜಡ್ಜ್ ಅವನನ್ನು ಅಪರಾಧಿ ಅಂತ ಘೋಷಿಸದೆ ಪ್ರೊಬೇಷನ್ ಕೊಟ್ಟರು. ಸರಿಯಾಗಿ ಮುಗಿಸಿದರೆ ಕೇಸು ವಜಾ. ತಪ್ಪಿದರೆ, ಬಾಕಿ ಇಟ್ಟ ತೀರ್ಪು ಹೊರಗೆ ಬರುತ್ತದೆ.

ಈ ಪ್ರೊಬೇಷನ್ ಅನ್ನುವುದನ್ನು ಅಮ್ಮನಿಗೆ ಅರ್ಥ ಮಾಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಅಪ್ಪ ಕೆಇಬಿಯಲ್ಲಿದ್ದವರು. ನಮ್ಮ ಮನೆಯಲ್ಲಿ ಪ್ರೊಬೇಷನ್ ಅಂದರೆ ಕೆಲಸ ಖಾಯಂ ಆಗುವ ಮೊದಲಿನ ಎರಡು ವರ್ಷ.

"ಪ್ರೊಬೇಷನ್ ಅಂದ್ರೆ ಒಳ್ಳೇದಲ್ವೇನೇ? ಆಮೇಲೆ ಪರ್ಮನೆಂಟ್ ಮಾಡ್ತಾರೆ" ಅಂದಳು ಅಮ್ಮ.

ಇಲ್ಲಿ ಪರ್ಮನೆಂಟ್ ಆಗುವುದು ಏನು ಅಂತ ಹೇಳಲಿಲ್ಲ. ಆದರೆ ಯೋಚಿಸಿದರೆ ಅಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ. ಅಪ್ಪನ ಪ್ರೊಬೇಷನ್ನೂ ಹೀಗೇ ಇತ್ತಂತೆ. ತಲೆ ಬಗ್ಗಿಸಿಕೊಂಡು ಇರಬೇಕು, ರಜೆ ಕೇಳಬಾರದು, ಮೇಲಿನವರ ಮೂಡು ನೋಡಬೇಕು.

ಇವನಿಗೆ ಇದ್ದ ಷರತ್ತುಗಳು ಹೀಗೆ. ತಿಂಗಳಿಗೊಮ್ಮೆ ಆಫೀಸರ್ ಮುಂದೆ ಹಾಜರಿ. ತಿಂಗಳು ತಿಂಗಳು ಫೀಸು. ಹೌದು, ನಿಗಾ ಇಡಿಸಿಕೊಳ್ಳಲು ನಾವೇ ದುಡ್ಡು ಕಟ್ಟಬೇಕು, ಟೆಕ್ಸಾಸ್ ಕಾನೂನಿನಲ್ಲಿ 25ರಿಂದ 60 ಡಾಲರ್ ಅಂತ ಬರೆದೇ ಇದೆ. ಸಮುದಾಯ ಸೇವೆಯ ಗಂಟೆಗಳು. ಮತ್ತೆ ಬಣ್ಣ. ಪ್ರತಿ ಬೆಳಗ್ಗೆ ಒಂದು ನಂಬರಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ ಅವತ್ತಿನ ಬಣ್ಣ ಹೇಳುತ್ತದೆ. ನಿಮ್ಮ ಬಣ್ಣ ಬಂದರೆ ಅವತ್ತೇ ಹೋಗಿ ಮೂತ್ರ ಕೊಡಬೇಕು. ಇವನದು ಹಸಿರು. ಎರಡು ವರ್ಷ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಮಾತು "ಬಣ್ಣ ಬಂತಾ?"

ನವೆಂಬರಿನಲ್ಲಿ ಮತ್ತೆ ಶುರುವಾಯಿತು. ಎರಡು ಸಲ ಬಣ್ಣ ಬಂದರೂ ಹೋಗಲಿಲ್ಲ. ಒಮ್ಮೆ ಹೋದ, ಪಾಸಿಟಿವ್ ಬಂತು. ಒಂದು ಹಾಜರಿ ತಪ್ಪಿತು. ಪ್ರಾಸಿಕ್ಯೂಟರ್ ಕೋರ್ಟಿಗೆ ಅರ್ಜಿ ಹಾಕಿದರು, ವಾರಂಟ್ ಆಯಿತು. ಆ ಮಂಗಳವಾರ ಅವನು ಪ್ರೊಬೇಷನ್ ಆಫೀಸಿಗೆ ತಾನಾಗಿಯೇ ಹೋದ. ಅಲ್ಲೇ ಕೈಗೆ ಬೇಡಿ ಹಾಕಿದರು. ಸಂಜೆ ಮನೆಗೆ ಬಂದಾಗ ನೋಡಿದೆ: ವ್ಯಾನ್ ಅಂಗಳದಲ್ಲೇ ಇದೆ. ವ್ಯಾನಿನ ಕೀ, ಪರ್ಸು, ವಾಚು, ಎಲ್ಲ ಅಡುಗೆಮನೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದೆ. ಬಾಡಿಗೆ ಕಾರಿನಲ್ಲಿ ಹೋಗಿದ್ದಾನೆ. ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು.

ಮಾರನೇ ದಿನ ಜಾಮೀನಿನ ಮೊತ್ತ ಗೊತ್ತಾಯಿತು. 15,000 ಡಾಲರ್. ಪೂರ್ತಿ ಕಟ್ಟಬೇಕಿಲ್ಲ. ಇಲ್ಲಿ ಜಾಮೀನು ಅನ್ನುವುದು ಒಂದು ವ್ಯಾಪಾರ, ಜೈಲಿನ ಎದುರು ಸಾಲಾಗಿ ಅಂಗಡಿಗಳಿವೆ, ಮದುವೆ ಮಂಟಪದ ಎದುರು ಹೂವಿನ ಅಂಗಡಿ ಇದ್ದ ಹಾಗೆ. ಹತ್ತು ಪರ್ಸೆಂಟ್ ಕೊಟ್ಟರೆ ಅವರು ಮಿಕ್ಕಿದ್ದಕ್ಕೆ ಹೊಣೆ ನಿಲ್ಲುತ್ತಾರೆ. ಆ ದುಡ್ಡು ವಾಪಸ್ ಬರುವುದಿಲ್ಲ.

1,500 ಡಾಲರ್ ನನ್ನ ಹತ್ತಿರ ಇತ್ತು.

ಬುಧವಾರ ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಕೆಂಪು ನಿಯಾನ್ ಬೋರ್ಡು ಹಗಲಲ್ಲೂ ಉರಿಯುತ್ತಿತ್ತು. ಇಪ್ಪತ್ತು ನಿಮಿಷ ಕೂತಿದ್ದೆ. ಒಳಗೆ ಹೋಗಲಿಲ್ಲ.

ಎಲ್ಲರಿಗೂ "ಲಾಯರ್ ಬೇಡ ಅಂದರು" ಅಂತ ಹೇಳಿದೆ. ಅವನ ಅಕ್ಕನಿಗೆ, ಅವನ ಕೆಲಸದ ಮಾಲೀಕನಿಗೆ, ಆಫೀಸಿನಲ್ಲಿ ವಿಷಯ ಗೊತ್ತಿದ್ದ ಒಬ್ಬಳೇ ಗೆಳತಿಗೆ. ಲಾಯರ್ ಹಾಗೆ ಹೇಳಿರಲಿಲ್ಲ. "ಹೊರಗೆ ಬಂದರೆ ವಿಚಾರಣೆವರೆಗೆ ಮನೆಯಲ್ಲಿರಬಹುದು. ಒಳಗಿದ್ದರೆ ಚಿಕಿತ್ಸೆಗೆ ಕಳಿಸಿ ಎಂದು ಕೇಳುವುದು ಸುಲಭ. ನಿಮ್ಮಿಷ್ಟ" ಅಂದಿದ್ದರು, ಅಷ್ಟೇ. ನಮ್ಮಿಷ್ಟ ಅಲ್ಲ, ನನ್ನಿಷ್ಟ. ಅವನ ಅಕೌಂಟಿನಲ್ಲಿ ಏನೂ ಉಳಿದಿರಲಿಲ್ಲ.

ನಮ್ಮಪ್ಪ ಸಾಯುವವರೆಗೂ ಹೇಳುತ್ತಿದ್ದ ಮಾತು, "ಯಾರಿಗೂ ಜಾಮೀನು ನಿಲ್ಲಬೇಡಿ." ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರ ಸೊಸೈಟಿ ಸಾಲಕ್ಕೆ ಸಹಿ ಹಾಕಿ, ಅವರು ಕಟ್ಟದೆ, ಅಪ್ಪನ ಸಂಬಳದಲ್ಲಿ ನಾಲ್ಕು ವರ್ಷ ಹಿಡಿದರು. ಕಾರಿನಲ್ಲಿ ಕೂತಾಗ ಅದು ನೆನಪಾಯಿತು ಅಂತ ಬರೆದರೆ ಚೆನ್ನಾಗಿರುತ್ತದೆ. ಆದರೆ ಆಗಲಿಲ್ಲ. ಕಾರಿನಲ್ಲಿ ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಹಿಂದಿನ ರಾತ್ರಿಯ ನಿದ್ದೆ, ಇನ್ನೊಂದು ರಾತ್ರಿ ಹಾಗೆ ಮಲಗಬೇಕು ಅನ್ನುವುದು, ಅಷ್ಟೇ.

ಮೂರನೇ ರಾತ್ರಿ ಅವನ ಫೋನು. ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ಮಾತ್ರೆ ಬಿಟ್ಟ ಮೇಲೆ ಮೈ ಮಾಡುವ ರಂಪ ಗೊತ್ತಿದ್ದವರಿಗೆ ಗೊತ್ತು. ವಾಂತಿ, ಭೇದಿ, ಮೂಳೆಯೊಳಗೆ ಇರುವೆ ಹರಿದ ಹಾಗೆ. ಇದಕ್ಕೆ ಮದ್ದು ಇದೆ. ಬ್ಯೂಪ್ರೆನಾರ್ಫಿನ್, ಮೆಥಡೋನ್. ಅವನ್ನು ತೆಗೆದುಕೊಳ್ಳುತ್ತಿರುವವರಿಗೆ ಜೈಲಿನಲ್ಲೂ ನಿಲ್ಲಿಸಬಾರದು, ನಿಲ್ಲಿಸಿದರೆ ಅಂಗವಿಕಲರ ಕಾನೂನಿಗೆ ವಿರುದ್ಧವಾಗಬಹುದು ಅಂತ ಕೇಂದ್ರ ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲೇ ಹೇಳಿದೆ. ಆದರೆ ಇವನು ಮೊದಲಿನಿಂದ ತೆಗೆದುಕೊಳ್ಳುತ್ತಿರಲಿಲ್ಲವಲ್ಲ. ಅವನಿಗೆ ಸಿಕ್ಕಿದ್ದು ವಾಂತಿಗೆ ಒಂದು ಮಾತ್ರೆ, ಇನ್ನೊಂದು ಕಂಬಳಿ.

"ಕಟ್ಟಿಬಿಡು. ದಯವಿಟ್ಟು ಕಟ್ಟಿಬಿಡು" ಅಂದ.

ನಾನು "ನಾಳೆ ನೋಡೋಣ" ಅಂದೆ.

ನಾಳೆ ನೋಡೋಣ ಅನ್ನುವುದರ ಅರ್ಥ ಕನ್ನಡದಲ್ಲಿ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಅವನು ನಂಬಿದ. ನಾಲ್ಕನೇ ದಿನ, ಐದನೇ ದಿನ ಮತ್ತೆ ಕೇಳಿದ. ಆರನೇ ದಿನದಿಂದ ಕೇಳಲಿಲ್ಲ. ಆಮೇಲೆ ಯಾವತ್ತೂ ಕೇಳಲಿಲ್ಲ.

ಅಮ್ಮನಿಗೆ ಎರಡು ವಾರ ಹೇಳಲಿಲ್ಲ. ಕೊನೆಗೆ ಹೇಳಿದಾಗ ಅವಳ ಮೊದಲ ಪ್ರಶ್ನೆ, "ಏನ್ ಕದ್ದ?" ಕದ್ದಿಲ್ಲ ಅಂದೆ. "ಯಾರಿಗಾದ್ರೂ ಹೊಡೆದ್ನಾ?" ಇಲ್ಲ. "ಮತ್ತೆ?" ಟೆಸ್ಟಿನಲ್ಲಿ ಫೇಲಾದ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೇಲಾದ್ರೆ ಜೈಲಿಗೆ ಹಾಕ್ತಾರಾ ಅಲ್ಲಿ?" ಅಂದಳು.

ಆಮೇಲೆ ಅವಳೇ ನನ್ನ ಸೋದರಮಾವನ ವಿಷಯ ತೆಗೆದಳು. ಮಾವ ಕುಡಿಯುತ್ತಿದ್ದ. ತೆಂಗಿನ ತೋಟದ ಒಂದು ಭಾಗ ಅದರಲ್ಲೇ ಹೋಯಿತು. ಧರ್ಮಸ್ಥಳದ ಕಡೆಯ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರಲ್ಲ, ಎಂಟು ದಿನದ್ದು, ಅಂಥದ್ದೊಂದಕ್ಕೆ ಅತ್ತೆ ಅವನನ್ನು ಹಿಡಿದುಕೊಂಡು ಹೋಗಿ ಬಿಟ್ಟು ಬಂದಳು. ಹೊರಗೆ ಬಂದು ಎಂಟು ತಿಂಗಳು ಮುಟ್ಟಲಿಲ್ಲ. ಒಂದು ಜಾತ್ರೆಯಲ್ಲಿ ಮತ್ತೆ ಶುರು. ಮತ್ತೆ ಶಿಬಿರ. ಈಗ ಹನ್ನೊಂದು ವರ್ಷ ಆಯಿತು, ಮದುವೆ ಮನೆಗೆ ಬಂದರೂ ಊಟ ಮುಗಿದ ಕೂಡಲೇ ಹೊರಡುತ್ತಾನೆ.

"ಶಿಬಿರಕ್ಕೇ ನೇರ ಹಾಕಬಾರದಿತ್ತಾ ಈ ಹುಡುಗನ್ನ? ಮಧ್ಯದಲ್ಲಿ ಜೈಲ್ಯಾಕೆ?"

ಅಮ್ಮ ಓದಿರುವುದು ಏಳನೇ ಕ್ಲಾಸು. ಇಷ್ಟು ತಿಂಗಳಲ್ಲಿ ಲಾಯರ್, ಆಫೀಸರ್, ಕೌನ್ಸೆಲರ್ ಎಲ್ಲರ ಜೊತೆ ಮಾತಾಡಿದ್ದೇನೆ. ಈ ಪ್ರಶ್ನೆ ಬೇರೆ ಯಾರೂ ಕೇಳಲಿಲ್ಲ, ಅವರಲ್ಲಿ ನಾನೂ ಒಬ್ಬಳು. ಮಾವ ಜಾರಿದಾಗ ಅತ್ತೆ ಬೈದಳು. ಇವನು ಜಾರಿದಾಗ ಸರ್ಕಾರ ಅರ್ಜಿ ಹಾಕಿತು. ಹಾಗಂತ ಊರಲ್ಲಿ ಎಲ್ಲ ಮೃದು ಅಂತ ಅಲ್ಲ. ಮಾವನದು ಸಾರಾಯಿ ಆಗಿದ್ದಕ್ಕೆ ಶಿಬಿರ. ಇದೇ ಪುಡಿ, ಮಾತ್ರೆ ಆಗಿದ್ದರೆ 1985ರ ಎನ್‌ಡಿಪಿಎಸ್ ಕಾನೂನು ಎದುರಿಗಿರುತ್ತಿತ್ತು. ಅದರಲ್ಲೂ ವ್ಯಸನಿಯನ್ನು ಚಿಕಿತ್ಸೆಗೆ ಬಿಡುವ ಕಲಮುಗಳಿವೆ, 39, 64ಎ ಅಂತ. ರಾತ್ರಿ ಒಬ್ಬಳೇ ಕೂತು ಇಂಥವನ್ನು ಓದುವ ಚಟ ನನಗೆ ಹತ್ತಿತ್ತು.

ಹಾಗೆ ಓದುವಾಗಲೇ ಜಾನ್ ಆಗಸ್ಟಸ್ ಸಿಕ್ಕಿದ್ದು.

1841ರ ಬಾಸ್ಟನ್. ಬೂಟು ಹೊಲಿಯುವವನು. ಒಂದು ಬೆಳಗ್ಗೆ ಕೋರ್ಟಿನಲ್ಲಿ ಕೂತಿದ್ದಾಗ ಹರಿದ ಬಟ್ಟೆಯ ಕುಡುಕನೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಆಗಸ್ಟಸ್ ಅವನ ಜೊತೆ ಎರಡು ಮಾತಾಡಿ, ಜಾಮೀನು ಕಟ್ಟಿ, ಇನ್ನು ಕುಡಿಯುವುದಿಲ್ಲ ಅಂತ ಬರೆಸಿಕೊಂಡು ಕರೆದುಕೊಂಡು ಹೋಗುತ್ತಾನೆ. ಮೂರು ವಾರ ಬಿಟ್ಟು ವಾಪಸ್ ತಂದು ನಿಲ್ಲಿಸಿದಾಗ ಅದೇ ಮನುಷ್ಯ ಅಂತ ಯಾರಿಗೂ ಗುರುತು ಸಿಗುವುದಿಲ್ಲ. ಜಡ್ಜ್ ಒಂದು ಸೆಂಟ್ ದಂಡ, ಕೋರ್ಟಿನ ಖರ್ಚು ಹಾಕಿ ಬಿಡುತ್ತಾರೆ. ಆಮೇಲೆ ಆಗಸ್ಟಸ್ ಸುಮಾರು ಎರಡು ಸಾವಿರ ಜನರಿಗೆ ಹೀಗೆ ಜಾಮೀನು ನಿಂತ. ಅಮೆರಿಕದಲ್ಲಿ ಪ್ರೊಬೇಷನ್ ಅನ್ನುವುದು ಶುರುವಾದದ್ದೇ ಅಲ್ಲಿಂದ ಅಂತ ಹೇಳುತ್ತಾರೆ.

ಅಂದರೆ ಈ ಇಡೀ ವ್ಯವಸ್ಥೆ ಹುಟ್ಟಿದ್ದು ಯಾರೋ ಒಬ್ಬ, ಪರಿಚಯವೇ ಇಲ್ಲದ ಒಬ್ಬ ಕುಡುಕನಿಗೆ ಜಾಮೀನು ಕಟ್ಟಿದ್ದರಿಂದ. ನಾನು ಆರು ವರ್ಷ ಜೊತೆಗೆ ಮಲಗಿದವನಿಗೆ ಕಟ್ಟಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. ಅವತ್ತು ನಿದ್ದೆ ಬರಲಿಲ್ಲ.

ಐದನೇ ವಾರ ವಿಚಾರಣೆ. ಇದು ಟೀವಿಯಲ್ಲಿ ನೋಡುವ ಅಮೆರಿಕದ ಕೋರ್ಟಲ್ಲ. ಜ್ಯೂರಿ ಇಲ್ಲ. ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡಬೇಕಿಲ್ಲ, ಆಗಿರುವ ಸಾಧ್ಯತೆ ಜಾಸ್ತಿ ಅಂತ ಜಡ್ಜ್‌ಗೆ ಅನ್ನಿಸಿದರೆ ಸಾಕು. ತಪ್ಪಿತಸ್ಥನೋ ಅಲ್ಲವೋ ಅಂತಲೂ ಕೇಳುವುದಿಲ್ಲ. ಒಂದೊಂದೇ ಆರೋಪ ಓದಿ, ನಿಜವೋ ನಿಜವಲ್ಲವೋ ಅಂತ ಕೇಳುತ್ತಾರೆ. ಅವನು ನಾಲ್ಕು ಸಲ "ನಿಜ" ಅಂದ. ನಾಲ್ಕನೇ ಸಲ ದನಿ ಸ್ವಲ್ಪ ಜೋರಾಗಿತ್ತು. ತೂಕ ಬಂದಿತ್ತು ಅವನಿಗೆ. ಕಣ್ಣು ಬಿಳಿ ಬಿಳಿ ಇತ್ತು. ಎಷ್ಟೋ ತಿಂಗಳಿಂದ ನಾನು ಆ ಕಣ್ಣು ನೋಡಿರಲಿಲ್ಲ.

ಜಡ್ಜ್ ಪ್ರೊಬೇಷನ್ ಮುಂದುವರಿಸಿ, ಹೊಸ ಷರತ್ತಾಗಿ ಚಿಕಿತ್ಸೆಗೆ ಹಾಕಿದರು. ಅದರ ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಅದು 'ಸೇಫ್-ಪಿ.' ರಾಜ್ಯದ ಜೈಲು ಇಲಾಖೆಯೇ ನಡೆಸುವ ವ್ಯಸನ ಚಿಕಿತ್ಸಾ ಕೇಂದ್ರಗಳು. ಬೇಲಿ, ಮುಳ್ಳುತಂತಿ, ಗಾರ್ಡು ಎಲ್ಲ ಇರುತ್ತದೆ. ಒಳಗೆ ಆರು ತಿಂಗಳು. ಆಮೇಲೆ ಮೂರು ತಿಂಗಳವರೆಗೆ ಹೊರಗಿನ ಒಂದು ವಸತಿ ಕೇಂದ್ರದಲ್ಲಿ. ಆಮೇಲೂ ತಿಂಗಳುಗಟ್ಟಲೆ ಹೋಗಿ ಬಂದು ಮಾಡುವ ಕೌನ್ಸೆಲಿಂಗ್. ಇದನ್ನು ಶುರು ಮಾಡಿದ್ದು 1991ರಲ್ಲಿ, ಆ್ಯನ್ ರಿಚರ್ಡ್ಸ್ ಗವರ್ನರ್ ಆಗಿದ್ದಾಗ. ಕುಡಿತ ಬಿಡಲು ತಾವೇ ಚಿಕಿತ್ಸೆ ತೆಗೆದುಕೊಂಡಿದ್ದನ್ನು ಮುಚ್ಚಿಡದ ಹೆಂಗಸು. ಸಾವಿರಾರು ಹಾಸಿಗೆ ಮಾಡಬೇಕು ಅಂತ ಹೊರಟರು. ಅವರು ಅಧಿಕಾರದಿಂದ ಇಳಿದ ಮೇಲೆ ಆ ಯೋಜನೆ ಬಹಳ ಕುಗ್ಗಿತು. 2007ರಲ್ಲಿ ಹೊಸ ಜೈಲು ಕಟ್ಟುವ ಬದಲು 24.1 ಕೋಟಿ ಡಾಲರನ್ನು ಚಿಕಿತ್ಸೆ ಮತ್ತು ಇಂಥ ಬೇರೆ ದಾರಿಗಳಿಗೆ ಹಾಕಿ ಮತ್ತೆ ಹಾಸಿಗೆ ಹೆಚ್ಚಿಸಿದರು. ಆದರೂ ಹಾಸಿಗೆಗಿಂತ ಜನ ಜಾಸ್ತಿ. ಹಾಗಾಗಿ ಪಟ್ಟಿ. ಪಟ್ಟಿಯಲ್ಲಿ ಹೆಸರು ಬರುವವರೆಗೆ ಕೌಂಟಿ ಜೈಲಿನಲ್ಲೇ ಇರಬೇಕು.

"ಎಷ್ಟು ದಿನ?" ಅಂತ ಕೇಳಿದೆ. ಲಾಯರ್ ಭುಜ ಹಾರಿಸಿದರು.

ಕನ್ನಡದಲ್ಲಿ ಕಾಯುವುದು ಅಂದರೆ ಎಷ್ಟು ಅರ್ಥ ಅಲ್ವಾ. ಬಸ್ಸಿಗೆ ಕಾಯುತ್ತೇವೆ. ಹೊಲ ಕಾಯುತ್ತೇವೆ. ಹಾಲು ಕಾಯುತ್ತದೆ. ಅವನು ಕೌಂಟಿ ಜೈಲಿನಲ್ಲಿದ್ದ ಒಟ್ಟು ಹನ್ನೊಂದು ವಾರದಲ್ಲಿ ನಾನು ಯಾವುದನ್ನು ಮಾಡುತ್ತಿದ್ದೆ ಅಂತ ದಿನಕ್ಕೊಂದು ಉತ್ತರ ಇತ್ತು.

ಆ ಜೈಲಿನ ಲಾಬಿಯ ಬಗ್ಗೆ ಬರೆಯಬೇಕು. ವಾರಕ್ಕೆ ಎರಡು ಸಲ, ಇಪ್ಪತ್ತು ನಿಮಿಷ. ರಾಜ್ಯದ ನಿಯಮದಲ್ಲಿ ಕನಿಷ್ಠ ಅಷ್ಟು ಕೊಡಲೇಬೇಕು. ಎಷ್ಟೋ ಕೌಂಟಿಗಳು ಎದುರಾಎದುರು ಭೇಟಿ ತೆಗೆದು ವಿಡಿಯೊ ಮಾತ್ರ ಇಟ್ಟಿದ್ದವು. 2015ರಲ್ಲಿ ಕಾನೂನು ಮಾಡಿ ಎದುರಾಎದುರು ಭೇಟಿ ಕಡ್ಡಾಯ ಮಾಡಿದರು, ಆಗಲೇ ವಿಡಿಯೊಗೆ ದುಡ್ಡು ಸುರಿದಿದ್ದ ಕೌಂಟಿಗಳಿಗೆ ಮಾತ್ರ ವಿನಾಯಿತಿ. ನಮ್ಮದರಲ್ಲಿ ಗಾಜು ಇತ್ತು. ಗಾಜಿನಾಚೆ ಅವನು, ಈಚೆ ನಾನು, ಕೈಯಲ್ಲಿ ತಂತಿಯ ಫೋನು. ಮೊದಲ ಸಲ ಚೂಡಿದಾರ ಹಾಕಿಕೊಂಡು ಹೋದೆ. ದುಪಟ್ಟಾ ಒಳಗೆ ಬಿಡಲಿಲ್ಲ. ಎರಡನೇ ಸಲ ಮೆಟಲ್ ಡಿಟೆಕ್ಟರ್ ಕೂಗಿತು. ಹಿಂದೆ ನಿಂತಿದ್ದ ಒಬ್ಬ ಅಜ್ಜಿ, ಮೊಮ್ಮಗನನ್ನು ನೋಡಲು ಬಂದವರು, ನನ್ನ ಕಿವಿಯಲ್ಲಿ ಹೇಳಿದರು: "ಬ್ರಾದಲ್ಲಿ ತಂತಿ ಇದೆ ಮಗಳೇ. ಬಾತ್‌ರೂಮಿಗೆ ಹೋಗಿ ಬಿಚ್ಚಿ ಬಾ, ನಾನು ಜಾಗ ಹಿಡಿದಿರ್ತೀನಿ." ಕನ್ನಡ ಸಂಘದ ಯುಗಾದಿ ಊಟದಲ್ಲಿ ಆ ತಿಂಗಳು ನನ್ನನ್ನು ಮೂರು ಜನ ಕೇಳಿದ್ದರು, ಯಾಕೆ ಒಬ್ಬಳೇ ಬಂದೆ ಅಂತ. ಅವನಿಗೆ ಕೆಲಸ ಜಾಸ್ತಿ ಅಂದೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಲಾಬಿಯಲ್ಲಿ ಯಾರೂ ಏನೂ ಕೇಳಲಿಲ್ಲ, ಎಲ್ಲರೂ ಒಂಟಿಯಾಗಿಯೇ ಬಂದಿದ್ದರು. ಆ ಸಾಲಿನಲ್ಲಿ ಗಂಡಸರು ಎಷ್ಟು ಕಮ್ಮಿ ಅನ್ನುವುದನ್ನೂ ನೋಡಿದೆ. ಗಂಡಸರು ಒಳಗೆ, ಹೆಂಗಸರು ಸಾಲಿನಲ್ಲಿ.

ಒಳಗಿರುವವರಿಗೆ ನೀವು ಏನಾಗಬೇಕು ಅಂತ ಬರೆಯುವ ಫಾರಂನಲ್ಲಿ ನಾನು ಪ್ರತಿ ಸಲ ಬರೆದದ್ದು 'ಸ್ನೇಹಿತೆ.'

ಫೋನು ಸಂಜೆ ಏಳೂ ನಲವತ್ತಕ್ಕೆ ಬರುತ್ತಿತ್ತು. ಹದಿನೈದು ನಿಮಿಷಕ್ಕೆ ತಾನಾಗಿ ಕಟ್ಟಾಗುತ್ತದೆ. ಪ್ರತಿ ಕರೆಯ ಮೊದಲು, ಇದನ್ನು ರೆಕಾರ್ಡ್ ಮಾಡುತ್ತಿದ್ದೇವೆ ಅನ್ನುವ ದನಿ. ಕೇಸಿನ ವಿಷಯ ಒಂದಕ್ಷರ ಆಡಬೇಡಿ ಅಂತ ಲಾಯರ್ ಹೇಳಿದ್ದರು. ಸರಿ, ಇನ್ನೇನು ಮಾತಾಡುವುದು? ಅವನಿಗೆ ಬರುವ ಕನ್ನಡ ನಾಲ್ಕು ಮಾತು, ಅದರಲ್ಲಿ ಒಂದು "ಊಟ ಆಯ್ತಾ?" ಜೈಲಿನಲ್ಲಿ ಬೆಳಗಿನ ತಿಂಡಿ ನಸುಕಿನ ನಾಲ್ಕಕ್ಕೆ, ರಾತ್ರಿ ಊಟ ಮಧ್ಯಾಹ್ನ ನಾಲ್ಕಕ್ಕೆ. ಹಾಗಾಗಿ ಏಳೂ ನಲವತ್ತಕ್ಕೆ ಊಟ ಆಯ್ತಾ ಅಂದರೆ ಅದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ, ಆಗಲೇ ಮತ್ತೆ ಹಸಿವಾಗಿರುತ್ತದೆ. ಅವನ ಅಕೌಂಟಿಗೆ ನಾನು ಹಾಕಿದ ದುಡ್ಡಲ್ಲಿ ನೂಡಲ್ಸ್, ಖಾರದ ಚಿಪ್ಸ್ ತೆಗೆದುಕೊಳ್ಳುತ್ತಿದ್ದ. ನಾಲ್ಕು ಜನ ಸೇರಿ ಎಲ್ಲರದನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚಿಪ್ಸ್ ಪುಡಿ ಮಾಡಿ, ಬಿಸಿನೀರು ಹೊಯ್ದು ಕಲಸುತ್ತಾರಂತೆ. ನಾನು ಅದಕ್ಕೆ ಮಂಡಕ್ಕಿ ಒಗ್ಗರಣೆ ಅಂತ ಹೆಸರಿಟ್ಟೆ. ಒಂದು ದಿನ ಅವನ ಹಿಂದೆ ಯಾರೋ "ಮಂಡಾಕಿ ರೆಡಿ!" ಅಂತ ಕೂಗಿದ್ದು ಫೋನಿನಲ್ಲಿ ಕೇಳಿ ನಕ್ಕೆ. ಆ ವರ್ಷ ನಾನು ನಿಜವಾಗಿ ನಕ್ಕಿದ್ದು ಅದೇ ಮೊದಲು ಇರಬೇಕು.

ಈ ಫೋನ್ ಕರೆಗಳ ದುಡ್ಡಿನ ಹಿಂದೆಯೂ ಒಬ್ಬ ಅಜ್ಜಿ ಇದ್ದಾರೆ. ರಾಜಧಾನಿ ವಾಷಿಂಗ್ಟನ್ನಿನ ಮಾರ್ಥಾ ರೈಟ್. ಜೈಲಿನಲ್ಲಿದ್ದ ಮೊಮ್ಮಗನ ಜೊತೆ ಮಾತಾಡಿದ್ದಕ್ಕೆ ಬರುತ್ತಿದ್ದ ಬಿಲ್ಲಿನ ವಿರುದ್ಧ 2000ದಲ್ಲೇ ಕೋರ್ಟಿಗೆ ಹೋದವರು. ರೇಟಿಗೆ ಕಡಿವಾಣ ಹಾಕುವ, ಅವರ ಹೆಸರಿನ ಕಾನೂನಿಗೆ ಸಹಿ ಬಿದ್ದದ್ದು 2023ರ ಜನವರಿಯಲ್ಲಿ. ಅಷ್ಟರಲ್ಲಿ ಅಜ್ಜಿ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ನಾನು ಫೋನಿಗೆ, ನೂಡಲ್ಸ್‌ಗೆ, ಬಿಳಿ ಸಾಕ್ಸಿಗೆ ಕಟ್ಟಿದ್ದನ್ನೆಲ್ಲ ಒಂದು ಡೈರಿಯಲ್ಲಿ ಬರೆದಿಟ್ಟೆ. ಹನ್ನೊಂದನೇ ವಾರಕ್ಕೆ 1,140 ಡಾಲರ್. ಯಾವ ಮೊತ್ತದ ಕಡೆಗೆ ಲೆಕ್ಕ ಹಾಕುತ್ತಿದ್ದೆ ಅಂತ ನಿಮಗೆ ಗೊತ್ತಾಗಿರುತ್ತದೆ.

"ಒಳಗೆ ಸೇಫಾಗಿದ್ದಾನೆ ಬಿಡು" ಅಂತ ಎಲ್ಲರೂ ಹೇಳುತ್ತಿದ್ದರು. ಅವನ ಅಕ್ಕ, ಮಾಲೀಕ, ಗೆಳತಿ. ನಾನೂ ಹೇಳಿಕೊಂಡೆ, ದಿನಾ. ಆದರೆ ಅಲ್ಲಿ ಅವನಿಗೆ ಚಿಕಿತ್ಸೆ ಏನೂ ನಡೆಯುತ್ತಿರಲಿಲ್ಲ. ವಾರಕ್ಕೊಮ್ಮೆ ಚರ್ಚಿನವರು ಬಂದು ಪ್ರಾರ್ಥನೆ ಮಾಡಿಸುತ್ತಿದ್ದರು, ಅಷ್ಟೇ. ನಲವತ್ತು ಜನರ ಹಾಲ್, ಹಗಲೂ ರಾತ್ರಿ ಲೈಟು, ಟೀವಿ. ಮಾತ್ರೆ ಇರಲಿಲ್ಲ ನಿಜ. ಮಾತ್ರೆ ಯಾಕೆ ಬೇಕಾಗುತ್ತಿತ್ತು ಅನ್ನುವುದೆಲ್ಲ ಹಾಗೆಯೇ ಇತ್ತು.

ಇನ್ನೊಂದು ವಿಷಯ ಓದಿದ ಮೇಲೆ ನನಗೆ ಸೇಫು ಅನ್ನುವ ಪದ ಬಾಯಿಗೆ ಬರಲಿಲ್ಲ. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದ 30,000ಕ್ಕೂ ಹೆಚ್ಚು ಜನರ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದ್ದಾರೆ. ಹೊರಗೆ ಬಂದ ಮೊದಲ ಎರಡು ವಾರದಲ್ಲಿ ಅವರು ಓವರ್‌ಡೋಸ್‌ನಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು. ಕಾರಣ ಸರಳ. ಒಳಗೆ ಇರುವಷ್ಟು ದಿನ ಮೈ ಮಾತ್ರೆಯ ರೂಢಿ ಮರೆಯುತ್ತದೆ. ಮನಸ್ಸು ಮರೆತಿರುವುದಿಲ್ಲ. ಹೊರಗೆ ಬಂದವನು ಹಳೇ ಅಳತೆಯನ್ನೇ ತೆಗೆದುಕೊಳ್ಳುತ್ತಾನೆ.

ಅಂದರೆ ಜಾಮೀನು ಕಟ್ಟದೆ ನಾನು ತಪ್ಪಿಸಿದೆ ಅಂದುಕೊಂಡ ಅಪಾಯ ತಪ್ಪಿರಲಿಲ್ಲ, ತಾರೀಖು ಮುಂದಕ್ಕೆ ಹೋಗಿತ್ತು. ಕಟ್ಟಿದ್ದರೆ? ಆ ಬುಧವಾರವೇ ಕಟ್ಟಿ ಕರೆತಂದಿದ್ದರೆ, ಮರುದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಬ್ಯೂಪ್ರೆನಾರ್ಫಿನ್ ಶುರು ಮಾಡಿಸಬಹುದಿತ್ತಾ? ಮಾಡಿಸಬಹುದಿತ್ತು. ಅವನು ಬರುತ್ತಿದ್ದನಾ? ಬರುತ್ತಿದ್ದ ಅನ್ನಿಸುತ್ತದೆ ಒಮ್ಮೊಮ್ಮೆ. ರಾತ್ರಿ ಎರಡಕ್ಕೆ ಎದ್ದು ಬೆರಳು ಹಿಡಿಯುವ ಶಕ್ತಿ ನನ್ನಲ್ಲಿ ಇನ್ನೂ ಇತ್ತಾ? ಇರಲಿಲ್ಲ. ನನಗೆ ಖಚಿತವಾಗಿ ಗೊತ್ತಿರುವುದು ಈ ಕೊನೆಯದೊಂದೇ.

ಸೇಫ್-ಪಿಯಲ್ಲಿ ಇನ್ನೊಂದು ಕೊಕ್ಕೆ ಇದೆ. ಅಲ್ಲಿ ಕಳೆದ ತಿಂಗಳುಗಳು ಮುಂದೆ ಶಿಕ್ಷೆಯಲ್ಲಿ ಜಮೆ ಆಗುವುದು ಪೂರ್ತಿ ಮುಗಿಸಿದರೆ ಮಾತ್ರ. ಐದು ತಿಂಗಳಿಗೆ ಹೊರಗೆ ಹಾಕಿದರೆ ಆ ಐದು ತಿಂಗಳು ಸೊನ್ನೆ. ಪಟ್ಟಿಗೆ ಕಾಯುತ್ತಿದ್ದವರಲ್ಲಿ ಕೆಲವರು ಇದನ್ನೆಲ್ಲ ಲೆಕ್ಕ ಹಾಕಿ, ಚಿಕಿತ್ಸೆ ಬೇಡ, ಜೈಲು ಶಿಕ್ಷೆಯನ್ನೇ ಕೊಡಿ ಅಂತ ಬರೆದುಕೊಟ್ಟರಂತೆ. ಇವನ ಪಕ್ಕದ ಬಂಕಿನವನೂ ಹಾಗೇ ಮಾಡಿದ. ಆರು ತಿಂಗಳ ಶಿಕ್ಷೆ, ಆಗಲೇ ನಾಲ್ಕು ಕಳೆದಿತ್ತು. ಒಂದು ಸಂಜೆ ಇವನು ಆ ವಿಷಯ ಎತ್ತಿ, ಸುಮ್ಮನಾಗಿ, "ನೀನೇನು ಅಂತೀಯ?" ಅಂದ. ನಾನು ಈ ಸಲ "ನಾಳೆ ನೋಡೋಣ" ಅನ್ನಲಿಲ್ಲ.

"ಹಾಗೆ ಮಾಡಿದರೆ ನಾನು ಮನೆಯಲ್ಲಿ ಇರುವುದಿಲ್ಲ" ಅಂದೆ.

ಆಚೆ ಕಡೆ ಟೀವಿಯ ಸದ್ದು. ಆಮೇಲೆ ಹದಿನೈದು ನಿಮಿಷ ಮುಗಿದು ಕಟ್ಟಾಯಿತು. ಮಾರನೇ ದಿನ ಏಳೂ ನಲವತ್ತಕ್ಕೆ ಮತ್ತೆ ಫೋನು ಬರುವವರೆಗೆ ನಾನು ಏನು ಮಾಡಿದೆ ಅಂತ ನನಗೇ ನೆನಪಿಲ್ಲ. ಫೋನ್ ಎತ್ತಿದಾಗ ಅವನು "ಊಟ ಆಯ್ತಾ?" ಅಂದ. ಬರೆದುಕೊಟ್ಟಿರಲಿಲ್ಲ.

ಮೇ ಮೊದಲ ವಾರ ಕೊನೆಯ ಭೇಟಿ, ಕೊನೆಯದು ಅಂತ ಆಗ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಮನೆಯ ಎಸಿ ಬಗ್ಗೆ ಮಾತಾಡಿದ. ಫಿಲ್ಟರ್ ಬದಲಿಸು, ಬಿಸಿಲು ಏರುವ ಮೊದಲೇ. ಅಳತೆ 16-25. ಬಾಣದ ಗುರುತು ಯಂತ್ರದ ಕಡೆಗೆ ಇರಬೇಕು, ಉಲ್ಟಾ ಹಾಕಬೇಡ. ಎಸಿಯ ನೀರು ಹೊರಗೆ ಹೋಗುವ ಪೈಪಿಗೆ ಒಂದು ಲೋಟ ವಿನೆಗರ್ ಹೊಯ್ಯಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ನಾನು ಅಂಗೈ ಮೇಲೆ ಬರೆದುಕೊಂಡೆ. ಎದ್ದು ಹೋಗುವಾಗ ಗಾಜಿಗೆ ಗೆಣ್ಣು ಬಡಿದು, ಬಾಣದ ದಿಕ್ಕನ್ನು ಬೆರಳಲ್ಲಿ ಇನ್ನೊಮ್ಮೆ ತೋರಿಸಿದ.

ಹಾಸಿಗೆ ಸಿಕ್ಕಿದಾಗ ಹೇಳುವುದಿಲ್ಲ. ನಸುಕಿನಲ್ಲಿ ಹೆಸರು ಕೂಗಿ, ಸರಪಳಿ ಹಾಕಿ ಬಸ್ಸು ಹತ್ತಿಸುತ್ತಾರೆ. ಒಳಗಿನವರು ಅದನ್ನು 'ಚೈನ್ ಹಿಡಿಯೋದು' ಅನ್ನುತ್ತಾರೆ, ನಾವು ರೈಲು ಹಿಡಿಯುವ ಹಾಗೆ. ಒಂದು ಗುರುವಾರ ಏಳೂ ನಲವತ್ತಕ್ಕೆ ಫೋನು ಬರಲಿಲ್ಲ. ಎಂಟೂವರೆಗೆ ಕೌಂಟಿ ಜೈಲಿನ ಪಟ್ಟಿಯಲ್ಲಿ ಅವನ ಹೆಸರು ಹಾಕಿ ಹುಡುಕಿದೆ. ಇರಲಿಲ್ಲ. ಅಮ್ಮನಿಗೆ ಫೋನ್ ಮಾಡಿ "ಶಿಬಿರಕ್ಕೆ ಹೋದ" ಅಂದೆ. ಅಲ್ಲಿ ಬೆಳಗ್ಗೆ ಏಳು ಗಂಟೆ. "ಸದ್ಯ" ಅಂದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು.

ಶನಿವಾರ ಅಂಗಡಿಗೆ ಹೋದೆ. ಎಸಿ ಫಿಲ್ಟರ್ ಎರಡು ತೆಗೆದುಕೊಂಡೆ. ವಿನೆಗರ್. ಫಾರ್ಮಸಿಯ ಸಾಲಿನಲ್ಲಿ ನಾರ್ಕ್ಯಾನ್ ಇತ್ತು. ಉಸಿರು ನಿಲ್ಲುವ ಹೊತ್ತಿಗೆ ಮೂಗಿಗೆ ಹೊಡೆಯುವ ಸ್ಪ್ರೇ. 2023ರಿಂದ ಚೀಟಿ ಇಲ್ಲದೆ ಯಾರು ಬೇಕಾದರೂ ಕೊಳ್ಳಬಹುದು, ಎರಡು ಡೋಸಿನ ಡಬ್ಬಿಗೆ ಸುಮಾರು 45 ಡಾಲರ್. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ಅಂಗಡಿಯ ನಡುವೆ ನಿಂತು ಬೆರಳು ಮಡಿಚಿ ಎಣಿಸಿದೆ, ಆರು ತಿಂಗಳು, ಆಮೇಲೆ ಮೂರು. ಎಕ್ಸ್‌ಪೈರಿ ಅದಾದ ಮೇಲೂ ಎರಡು ವರ್ಷ ಇತ್ತು. ಮನೆಗೆ ತಂದು ಸಾಸಿವೆ ಡಬ್ಬಿಯ ಪಕ್ಕ, ಕತ್ತಲಲ್ಲೂ ಕೈಗೆ ಸಿಗುವ ಹಾಗೆ ಇಟ್ಟೆ. ಆಮೇಲೆ ಕುರ್ಚಿ ಹತ್ತಿ ಫಿಲ್ಟರ್ ಹಾಕಿದೆ. ಬಾಣ ಯಂತ್ರದ ಕಡೆಗೆ.